ಬರಲಾಗದವರ ಪಾಲು

ತಿಂಗಳ ಮೊದಲ ಶುಕ್ರವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಒಂದು ಪುಟ್ಟ ಸಡಗರವಿರುತ್ತಿತ್ತು. ಮೂರು ವರ್ಷಗಳಿಂದ ಹಾಸಿಗೆ ಹಿಡಿದಿದ್ದ ಅಜ್ಜಿಯ ಮಂಚದ ಪಕ್ಕದಲ್ಲಿ ಅಮ್ಮ ಒಂದು ಸ್ಟೂಲು ಇಟ್ಟು, ಅದರ ಮೇಲೆ ಒಗೆದು ಮಡಿಸಿಟ್ಟಿದ್ದ ಬಿಳಿ ಬಟ್ಟೆ ಹಾಸಿ, ಎರಡು ಮೇಣದಬತ್ತಿ, ಒಂದು ಲೋಟ ನೀರು, ಒಂದು ಚಮಚ ಇಡುತ್ತಿದ್ದರು. ಎಂಟು ಗಂಟೆಯ ಹೊತ್ತಿಗೆ ನಮ್ಮ ಧರ್ಮಕೇಂದ್ರದ ಗುರುಗಳು, ಕೊರಳಿಗೆ ಹಾಕಿಕೊಂಡ ಸಣ್ಣ ಚೀಲದೊಳಗಿನ ದುಂಡನೆಯ ಲೋಹದ ಡಬ್ಬಿಯಲ್ಲಿ ಪರಮಪ್ರಸಾದವನ್ನು, ಅಂದರೆ ಪೂಜೆಯಲ್ಲಿ ಕ್ರಿಸ್ತರ ದೇಹವೆಂದು ಸ್ವೀಕರಿಸುವ ರೊಟ್ಟಿಯನ್ನು, ತರುತ್ತಿದ್ದರು. ಅಜ್ಜಿಗೆ ನುಂಗುವುದು ಕಷ್ಟವಾಗಿದ್ದರಿಂದ ಆ ತೆಳ್ಳನೆಯ ರೊಟ್ಟಿಯನ್ನು ಮುರಿದು, ಉಗುರಿನಷ್ಟು ಅಗಲದ ಒಂದು ಚೂರನ್ನು ಮಾತ್ರ ಚಮಚದ ನೀರಿನೊಡನೆ ಬಾಯಿಗೆ ಇಡುತ್ತಿದ್ದರು. ಅವರು "ಕ್ರಿಸ್ತರ ಶರೀರ" ಎಂದಾಗ, ಉಳಿದ ಹೊತ್ತೆಲ್ಲ ಪಿಸುದನಿಯಲ್ಲೇ ಮಾತಾಡುತ್ತಿದ್ದ ಅಜ್ಜಿ ಹೇಳುತ್ತಿದ್ದ "ಆಮೆನ್" ಅಡುಗೆಮನೆಯವರೆಗೂ ಕೇಳಿಸುತ್ತಿತ್ತು.

ಅಜ್ಜಿ ತೀರಿಕೊಂಡು ಬಹಳ ವರ್ಷಗಳಾದ ಮೇಲೆ, ಎರಡನೆಯ ಶತಮಾನದ ಸಂತ ಜಸ್ಟಿನ್ ಅವರ ಬರಹವನ್ನು ಮೊದಲ ಬಾರಿಗೆ ಓದಿದೆ. ರೋಮ್ ನಗರದ ಕ್ರೈಸ್ತರು ಭಾನುವಾರದಂದು ಒಟ್ಟುಸೇರಿ ಏನು ಮಾಡುತ್ತಾರೆಂದು ಚಕ್ರವರ್ತಿಗೆ ವಿವರಿಸುತ್ತಾ ಅವರು ಒಂದು ಸಣ್ಣ ಮಾತನ್ನು ಸೇರಿಸುತ್ತಾರೆ: ಅಲ್ಲಿಗೆ ಬರಲಾಗದವರಿಗೆ ಸಭೆಯ ಸೇವಕರಾದ ಡೀಕನ್‌ರು ಆ ರೊಟ್ಟಿಯ ಪಾಲನ್ನು ಕೊಂಡೊಯ್ಯುತ್ತಾರೆ. ಓದುತ್ತಿದ್ದವನು ಅಲ್ಲಿಗೇ ನಿಂತೆ. ಹದಿನೆಂಟು ಶತಮಾನಗಳಿಗೂ ಹಿಂದಿನ ರೋಮ್‌ನ ಯಾವುದೋ ಓಣಿಯಲ್ಲಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿಯ ಚೂರನ್ನು ಹಿಡಿದು ಒಬ್ಬ ರೋಗಿಯ ಮನೆಯತ್ತ ನಡೆಯುತ್ತಿದ್ದ ಮನುಷ್ಯನ ಬೆನ್ನು ನನಗೆ ಕಂಡಂತಾಯಿತು. ಅಂದಿನಿಂದ ಮೊದಲ ನಾಲ್ಕು ಶತಮಾನಗಳ ಬರಹಗಳನ್ನು ಓದುವಾಗಲೆಲ್ಲ ನಾನು ಹುಡುಕುವುದು ಇದನ್ನೇ. ಆ ರೊಟ್ಟಿ ಏನಾಗುತ್ತದೆ, ಹೇಗಾಗುತ್ತದೆ, ಯಾವ ಕ್ಷಣದಲ್ಲಿ ಆಗುತ್ತದೆ ಎಂಬ ಪ್ರಶ್ನೆಗಳ ಮೇಲೆ ನಂತರದ ಕಾಲದವರು ಗ್ರಂಥಗಳನ್ನೇ ರಾಶಿ ಹಾಕಿದರು. ಮೊದಲಿನವರಿಗೂ ಆ ಪ್ರಶ್ನೆ ಇತ್ತು, ಆದರೆ ಅದನ್ನು ಅವರು ಒಂಟಿಯಾಗಿ ಕೇಳಿದ್ದು ಅಪರೂಪ. "ಇದು ಯಾರ ದೇಹ" ಎಂದು ಕೇಳುವಾಗಲೇ "ಈ ಊಟದಲ್ಲಿ ಯಾರಿದ್ದಾರೆ, ಯಾರಿಲ್ಲ" ಎಂಬುದನ್ನೂ ಅವರು ಕೇಳಿಕೊಳ್ಳುತ್ತಿದ್ದರು.

ಯೇಸುಸ್ವಾಮಿಯ ಕಡೆಯ ಭೋಜನದ ಕುರಿತು ನಮಗೆ ಉಳಿದಿರುವ ಅತ್ಯಂತ ಹಳೆಯ ಬರಹ, ಅವರ ಜೀವನವನ್ನು ಹೇಳುವ ಶುಭಸಂದೇಶಗಳಿಗಿಂತಲೂ ಹಿಂದಿನದು. ಸುಮಾರು ಕ್ರಿ.ಶ. 54ರ ಹೊತ್ತಿಗೆ ಸಂತ ಪೌಲರು ಎಫೆಸದಿಂದ ಕೊರಿಂಥದ ಸಭೆಗೆ ಬರೆದ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಅದಿದೆ, ಮತ್ತು ಊಟದ ವಿಷಯದಲ್ಲಿ ನಡೆದ ಒಂದು ಅನ್ಯಾಯವನ್ನು ಸರಿಪಡಿಸುವುದಕ್ಕಾಗಿಯೇ ಪೌಲರು ಅದನ್ನು ನೆನಪಿಸುತ್ತಾರೆ. ಗ್ರೀಸಿನ ಕೊರಿಂಥವು ರೋಮನ್ನರು ಕ್ರಿ.ಪೂ. 146ರಲ್ಲಿ ನೆಲಸಮ ಮಾಡಿ, ಕ್ರಿ.ಪೂ. 44ರಲ್ಲಿ ಜೂಲಿಯಸ್ ಸೀಸರನ ಆಜ್ಞೆಯಂತೆ ಮತ್ತೆ ಕಟ್ಟಿದ ಊರು. ಹೊಸದಾಗಿ ನೆಲೆಸಿದವರಲ್ಲಿ ಬಿಡುಗಡೆ ಪಡೆದ ಗುಲಾಮರು ಬಹಳ ಮಂದಿ. ಎರಡು ಬಂದರುಗಳ ನಡುವಿನ ವ್ಯಾಪಾರದಿಂದ ಕೆಲವರು ಬೇಗನೆ ಹಣವಂತರಾಗಿದ್ದರು. ಆಗ ಕ್ರೈಸ್ತರಿಗೆ ದೇವಾಲಯದ ಕಟ್ಟಡಗಳಿರಲಿಲ್ಲ, ಯಾರದಾದರೂ ಮನೆಯಲ್ಲಿ ಸೇರುತ್ತಿದ್ದರು. ಅನುಕೂಲಸ್ಥರ ಮನೆಯ ಊಟದ ಕೋಣೆಯಲ್ಲಿ ಮೂರು ಕಡೆ ಮೂರು ಮಂಚಗಳು, ಮಂಚಕ್ಕೆ ಮೂವರಂತೆ ಒಂಬತ್ತು ಜನ ಒರಗಿ ಉಣ್ಣುವುದು ಅಂದಿನ ವಾಡಿಕೆ. ಉಳಿದವರಿಗೆ ಹೊರಗಿನ ಅಂಗಳ. ಮನೆಯೊಡೆಯನೂ ಅವನ ಗೆಳೆಯರೂ ಹೊತ್ತಿಗೆ ಮೊದಲೇ ಕೂತು ಉಂಡು ಮುಗಿಸುತ್ತಿದ್ದರು. ಕೂಲಿಯಾಳು, ಗುಲಾಮಳು ಕೆಲಸ ಮುಗಿಸಿ ಬರುವಷ್ಟರಲ್ಲಿ ಪಾತ್ರೆಗಳು ಬರಿದಾಗಿರುತ್ತಿದ್ದವು. ಒಬ್ಬನು ಹಸಿದಿರುತ್ತಾನೆ, ಇನ್ನೊಬ್ಬನು ಕುಡಿದು ಮತ್ತನಾಗಿರುತ್ತಾನೆ ಎಂದು ಪೌಲರು ಬರೆಯುವುದು ಈ ದೃಶ್ಯವನ್ನು ಕಣ್ಣಮುಂದೆ ಇಟ್ಟುಕೊಂಡೇ ಇರಬೇಕು.

ಇದಕ್ಕೆ ಕನ್ನಡದಲ್ಲಿ ಸಿದ್ಧವಾದ ಮಾತೇ ಇದೆ: ಪಂಕ್ತಿಭೇದ. ಒಂದೇ ಚಪ್ಪರದಡಿ ಕೂರಿಸಿ ಒಂದು ಸಾಲಿಗೊಂದು, ಇನ್ನೊಂದು ಸಾಲಿಗೊಂದು ಬಡಿಸುವುದು ಎಂಥ ಅವಮಾನವೆಂದು ನಮ್ಮವರಿಗೆ ಯಾರೂ ವಿವರಿಸಿ ಹೇಳಬೇಕಾಗಿಲ್ಲ. ರೋಮನ್ ಲೋಕದಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಮೊದಲನೆಯ ಶತಮಾನದ ಕೊನೆಯ ಹೊತ್ತಿಗೆ ಕಿರಿಯ ಪ್ಲಿನಿ ಎಂಬ ರೋಮನ್ ಅಧಿಕಾರಿ ತಾನು ಹೋಗಿದ್ದ ಒಂದು ಔತಣದ ಬಗ್ಗೆ ಪತ್ರ ಬರೆದಿದ್ದಾನೆ. ಅಲ್ಲಿ ದ್ರಾಕ್ಷಾರಸವನ್ನು ಸಣ್ಣ ಸಣ್ಣ ಕುಪ್ಪಿಗಳಲ್ಲಿ ಮೂರು ದರ್ಜೆಯಾಗಿ ವಿಂಗಡಿಸಿ ಇಟ್ಟಿದ್ದರಂತೆ: ಯಜಮಾನನಿಗೂ ಮುಖ್ಯ ಅತಿಥಿಗಳಿಗೂ ಒಂದು, ಕೆಳಗಿನ ಗೆಳೆಯರಿಗೆ ಇನ್ನೊಂದು, ಬಿಡುಗಡೆ ಪಡೆದ ಗುಲಾಮರಿಗೆ ಮತ್ತೊಂದು. ನನ್ನ ಮನೆಯಲ್ಲಿ ಎಲ್ಲರಿಗೂ ಒಂದೇ ಬಡಿಸುತ್ತೇನೆ, ಅವರು ಕುಡಿಯುವುದನ್ನೇ ನಾನೂ ಕುಡಿಯುತ್ತೇನೆ ಎಂದು ಪ್ಲಿನಿ ಹೇಳಿಕೊಂಡಿದ್ದಾನೆ. ಈ ಪ್ಲಿನಿಯನ್ನು ನೆನಪಿಟ್ಟುಕೊಳ್ಳಬೇಕು, ಅವನು ಇನ್ನೊಮ್ಮೆ ಬರುತ್ತಾನೆ.

ಕೊರಿಂಥದವರಿಗೆ ಪೌಲರು ಕೊಟ್ಟ ಉತ್ತರ ಕಠಿಣವಾದುದು. ನೀವು ಒಟ್ಟುಸೇರಿ ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ, ಪ್ರತಿಯೊಬ್ಬನೂ ತನ್ನ ತನ್ನ ಊಟವನ್ನು ಉಣ್ಣುತ್ತಿದ್ದಾನೆ ಎನ್ನುತ್ತಾರೆ. ರೊಟ್ಟಿ ಇತ್ತು, ಪಾನಪಾತ್ರೆ ಇತ್ತು, ಬಹುಶಃ ಪ್ರಾರ್ಥನೆಯ ಮಾತುಗಳೂ ಇದ್ದವು. ಇಷ್ಟೆಲ್ಲ ಇದ್ದೂ, ಹಸಿದವನನ್ನು ಹೊರಗಿಟ್ಟ ಕಾರಣಕ್ಕೆ ಅದು ಪ್ರಭುವಿನ ಭೋಜನ ಆಗಲಿಲ್ಲ. ಆಮೇಲೆಯೇ ಅವರು ತಾವು ಪಡೆದುಕೊಂಡದ್ದನ್ನು ದಾಟಿಸುತ್ತಾರೆ: ಪ್ರಭು ಯೇಸು ತಮ್ಮನ್ನು ಹಿಡಿದುಕೊಟ್ಟ ಆ ರಾತ್ರಿ ರೊಟ್ಟಿಯನ್ನು ತೆಗೆದುಕೊಂಡು, ಕೃತಜ್ಞತೆ ಸಲ್ಲಿಸಿ, ಮುರಿದು, ಇದು ನಿಮಗಾಗಿರುವ ನನ್ನ ದೇಹ ಎಂದರು. ಕೊನೆಯಲ್ಲಿ ಒಂದು ಎಚ್ಚರಿಕೆ ಬರುತ್ತದೆ. ದೇಹವನ್ನು ಗುರುತಿಸದೆ ತಿಂದು ಕುಡಿಯುವವನು ತನ್ನ ಮೇಲೆಯೇ ನ್ಯಾಯತೀರ್ಪನ್ನು ತಂದುಕೊಳ್ಳುತ್ತಾನೆ ಎಂಬ ಆ ಮಾತಿನಲ್ಲಿ "ದೇಹ" ಯಾವುದು? ಮುರಿದ ರೊಟ್ಟಿಯೇ, ಶಿಲುಬೆಯ ಮೇಲೆ ಮುರಿದ ಮೈಯೇ, ಅಥವಾ ಅಂಗಳದಲ್ಲಿ ಹಸಿದು ಕೂತಿರುವ ಜನವೇ? ವ್ಯಾಖ್ಯಾನಕಾರರು ಇಂದಿಗೂ ಚರ್ಚಿಸುತ್ತಾರೆ. ಒಂದು ಅರ್ಥವನ್ನು ಆರಿಸಿಕೊಂಡು ಉಳಿದೆರಡನ್ನು ಬಿಡುವುದು ಪೌಲರ ಪತ್ರಕ್ಕೇ ಹೊಂದುವುದಿಲ್ಲವೆಂದು ನನಗೆ ತೋರುತ್ತದೆ. ಹಿಂದಿನ ಅಧ್ಯಾಯದಲ್ಲಿ, ರೊಟ್ಟಿ ಒಂದೇ ಆದ್ದರಿಂದ ಅನೇಕರಾದ ನಾವು ಒಂದೇ ದೇಹವಾಗಿದ್ದೇವೆ ಎಂದಿದ್ದಾರೆ. ಮುಂದಿನ ಅಧ್ಯಾಯದಲ್ಲಿ, ನೀವು ಕ್ರಿಸ್ತರ ದೇಹ, ಒಬ್ಬೊಬ್ಬರೂ ಅದರ ಅಂಗಗಳು ಎನ್ನುತ್ತಾರೆ. ಈ ಎರಡರ ನಡುವೆ ನಿಂತ ಮಾತು ಅದು. ನಮ್ಮ "ಒಡಲು" ಎಂಬ ಪದ ಮೈಯನ್ನೂ ಹೊಟ್ಟೆಯನ್ನೂ ಒಟ್ಟಿಗೆ ಹೇಳುತ್ತದಲ್ಲ, ಹಾಗೆ ಪೌಲರ "ದೇಹ"ವೂ ಕ್ರಿಸ್ತರನ್ನೂ ಹಸಿದವರನ್ನೂ ಒಂದೇ ಉಸಿರಿನಲ್ಲಿ ಹಿಡಿದುಕೊಂಡಿದೆ.

ಇಷ್ಟೆಲ್ಲ ಗದರಿಸಿದ ಮೇಲೆ ಅವರು ಸೂಚಿಸುವ ಪರಿಹಾರ ಮಾತ್ರ ಅತಿ ಸರಳ. ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ. ಕೊನೆಯ ಎಲೆಗೆ ಬಡಿಸುವವರೆಗೆ ಮೊದಲನೆಯವರು ತುತ್ತೆತ್ತಬಾರದೆಂದು ಮದುವೆಮನೆಯಲ್ಲಿ ನಮ್ಮ ಹಿರಿಯರು ಮಕ್ಕಳಿಗೆ ಕಲಿಸುವ ಪಾಠವೇ ಇದು. ಇದನ್ನು ಓದಿ ಒಪ್ಪಿಕೊಂಡವರ ನಾಡಿನಲ್ಲೇ, ತಮಿಳುನಾಡಿನ ವಡಕ್ಕನ್‌ಕುಳಂನಂಥ ಊರುಗಳಲ್ಲಿ, ದೇವಾಲಯದೊಳಗೆ ಜಾತಿಗೊಂದು ಭಾಗವೆಂದು ಗೋಡೆ ಕಟ್ಟಿದ್ದರು ಎಂಬುದು ನೆನಪಾದಾಗ ಪೌಲರ ಪತ್ರ ಕೊರಿಂಥಕ್ಕೆ ಮಾತ್ರ ಬರೆದದ್ದೆಂದು ನನಗೆ ಅನಿಸುವುದಿಲ್ಲ.

ಪೌಲರ ನಂತರ ಎಲ್ಲರೂ ಒಂದೇ ರೀತಿ ಮಾತಾಡಿದರೆಂದು ಭಾವಿಸಿದ್ದ ನನಗೆ "ಡಿಡಾಕೆ" ಎಂಬ ಪುಟ್ಟ ಕೈಪಿಡಿ ಅಚ್ಚರಿ ತಂದಿತು. ಪ್ರೇಷಿತರ, ಅಂದರೆ ಯೇಸುವಿನ ಹನ್ನೆರಡು ಶಿಷ್ಯರ, ಬೋಧನೆಯೆಂಬ ಹೆಸರಿನ ಈ ಗ್ರೀಕ್ ಬರಹದ ಹೆಸರಷ್ಟೇ ಶತಮಾನಗಳ ಕಾಲ ತಿಳಿದಿತ್ತು. 1873ರಲ್ಲಿ ಫಿಲೊಥೆಯೊಸ್ ಬ್ರೈಯೆನ್ನಿಯೊಸ್ ಎಂಬ ಧರ್ಮಾಧ್ಯಕ್ಷರಿಗೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ, 1056ರಲ್ಲಿ ನಕಲು ಮಾಡಿದ ಒಂದು ಹಸ್ತಪ್ರತಿಯೊಳಗೆ ಅದರ ಪೂರ್ತಿ ಪಠ್ಯ ಸಿಕ್ಕಿತು. ಹತ್ತು ವರ್ಷಗಳ ನಂತರ ಅವರು ಅದನ್ನು ಅಚ್ಚು ಹಾಕಿಸಿದರು. ಮೊದಲನೆಯ ಶತಮಾನದ ಕೊನೆಗೋ ಎರಡನೆಯದರ ಆರಂಭಕ್ಕೋ ಸೇರಿದ್ದೆಂದು ಬಹುತೇಕ ವಿದ್ವಾಂಸರು ಹೇಳುವ ಈ ಕೈಪಿಡಿಯಲ್ಲಿ ಯೂಕರಿಸ್ಟ್‌ನ, ಅಂದರೆ ಈ ರೊಟ್ಟಿ ಮತ್ತು ಪಾನಪಾತ್ರೆಯ ಆಚರಣೆಯ, ಪ್ರಾರ್ಥನೆಗಳಿವೆ. ಆ ಗ್ರೀಕ್ ಪದದ ಅರ್ಥ ಕೃತಜ್ಞತಾಸ್ತುತಿ. ಇಲ್ಲಿ ಮೊದಲು ಪಾನಪಾತ್ರೆ, ಆಮೇಲೆ ರೊಟ್ಟಿ. ಪ್ರಾರ್ಥನೆಗಳಲ್ಲಿ "ಇದು ನನ್ನ ದೇಹ" ಎಂಬ ಮಾತಿಲ್ಲ, ಕಡೆಯ ಭೋಜನದ ನೆನಪೂ ಇಲ್ಲ, ಶಿಲುಬೆಯ ಪ್ರಸ್ತಾಪವೂ ಇಲ್ಲ. ಇರುವುದು ಹೀಗೊಂದು ಬೇಡಿಕೆ: ಈ ಮುರಿದ ರೊಟ್ಟಿ ಬೆಟ್ಟಗಳ ಮೇಲೆ ಚದುರಿದ್ದು, ಒಟ್ಟುಗೂಡಿ ಒಂದಾದ ಹಾಗೆ, ನಿನ್ನ ಸಭೆಯೂ ಭೂಮಿಯ ಎಲ್ಲೆಗಳಿಂದ ನಿನ್ನ ರಾಜ್ಯಕ್ಕೆ ಒಟ್ಟುಗೂಡಲಿ. ಇಳಿಜಾರಿನ ಹೊಲಗಳಲ್ಲಿ ತೆನೆಯಾಗಿ ಚದುರಿ ನಿಂತದ್ದು ಕೊಯ್ಲಾಗಿ, ಹಿಟ್ಟಾಗಿ, ಒಂದೇ ರೊಟ್ಟಿಯಾದುದನ್ನು ಕೈಯಲ್ಲಿ ಹಿಡಿದುಕೊಂಡು, ಚದುರಿದ ಜನರಿಗಾಗಿ ಬೇಡುವ ಪ್ರಾರ್ಥನೆ. ಭಾನುವಾರದ ರೊಟ್ಟಿ ಮುರಿಯುವ ಮೊದಲು ಜಗಳವಾಡಿದವರು ರಾಜಿಯಾಗಬೇಕು, ಅಲ್ಲಿಯವರೆಗೆ ಸೇರಬಾರದು ಎಂದೂ ಅದೇ ಕೈಪಿಡಿ ಕಟ್ಟುನಿಟ್ಟಾಗಿ ಹೇಳುತ್ತದೆ. ಹೀಗಾಗಿ ದೇಹ ಎಂಬ ಪದವಿಲ್ಲದೆಯೇ ಡಿಡಾಕೆ ದೇಹದ ಬಗ್ಗೆಯೇ ಮಾತಾಡುತ್ತಿದೆ ಎಂದು ನಾನು ಓದಿಕೊಳ್ಳುತ್ತೇನೆ.

ಅಂತಿಯೋಕ್ಯದ ಧರ್ಮಾಧ್ಯಕ್ಷರಾಗಿದ್ದ ಸಂತ ಇಗ್ನಾಸಿಯಸ್ ಅವರ ಧಾಟಿ ಬೇರೆ. ಎರಡನೆಯ ಶತಮಾನದ ಆರಂಭದಲ್ಲಿ ಅವರನ್ನು ಬಂಧಿಸಿ, ಕಾಡುಮೃಗಗಳ ಬಾಯಿಗೆ ಹಾಕಲೆಂದು ಸೈನಿಕರ ಕಾವಲಿನಲ್ಲಿ ರೋಮ್‌ಗೆ ಒಯ್ಯುತ್ತಿದ್ದಾಗ, ದಾರಿಯಲ್ಲಿ ಅವರು ಏಳು ಪತ್ರಗಳನ್ನು ಬರೆದರು. ಕ್ರಿಸ್ತರು ಮನುಷ್ಯನ ಮೈ ತಾಳಿದಂತೆ ಕಂಡರೇ ಹೊರತು ನಿಜವಾಗಿ ತಾಳಲಿಲ್ಲ, ನಿಜವಾಗಿ ನೋವುಣ್ಣಲಿಲ್ಲ ಎನ್ನುವವರು ಅಲ್ಲಲ್ಲಿ ಹುಟ್ಟಿಕೊಂಡಿದ್ದ ಕಾಲ ಅದು. ಸ್ಮಿರ್ನದವರಿಗೆ ಬರೆದ ಪತ್ರದಲ್ಲಿ ಇಗ್ನಾಸಿಯಸ್ ಹೇಳುತ್ತಾರೆ: ನಮ್ಮ ಪಾಪಗಳಿಗಾಗಿ ಯಾತನೆಪಟ್ಟ ಯೇಸುಕ್ರಿಸ್ತರ ಮಾಂಸವೇ ಈ ಪರಮಪ್ರಸಾದವೆಂದು ಒಪ್ಪದ ಕಾರಣ ಅವರು ಇದರಿಂದ ದೂರ ಉಳಿಯುತ್ತಾರೆ. ಆ ಕಾಲದ ಬರಹಗಳಲ್ಲಿ ಇದಕ್ಕಿಂತ ನೇರವಾದ ಮಾತು ಸಿಗುವುದು ಕಷ್ಟ. ಆದರೆ ವಾದಕ್ಕೆ ಬೇಕೆಂದು ಈ ವಾಕ್ಯವೊಂದನ್ನೇ ಕಿತ್ತು ತರುವವರು ಅದರ ಹಿಂದಿನ ಸಾಲನ್ನು ಓದುವುದಿಲ್ಲ. ಅಲ್ಲಿ ಅವರು ಅದೇ ಜನರ ಬಗ್ಗೆ, ಇವರಿಗೆ ಪ್ರೀತಿಯ ಗೊಡವೆಯಿಲ್ಲ, ವಿಧವೆಯ, ಅನಾಥನ, ಸಂಕಟದಲ್ಲಿರುವವನ, ಸೆರೆಯಲ್ಲಿರುವವನ, ಹಸಿದವನ, ಬಾಯಾರಿದವನ ಚಿಂತೆಯಿಲ್ಲ ಎಂದಿದ್ದಾರೆ. ಇಗ್ನಾಸಿಯಸ್ ಅವರ ದೃಷ್ಟಿಯಲ್ಲಿ ಇವೆರಡೂ ಒಂದೇ ಕಾಯಿಲೆ. ಕ್ರಿಸ್ತರಿಗೆ ನಿಜವಾದ ಮೈಯಿರಲಿಲ್ಲ ಎಂದವನಿಗೆ ನೆರೆಮನೆಯವನ ಮೈಯ ಹಸಿವೂ ನಿಜವಾಗಿ ಕಾಣಿಸುವುದಿಲ್ಲ. ರೋಮ್‌ನವರಿಗೆ ಬರೆದ ಪತ್ರದಲ್ಲಿ ಅವರು ತಮ್ಮ ಮೈಯನ್ನೇ ಆ ರೊಟ್ಟಿಯ ಜೊತೆ ಸೇರಿಸಿಬಿಡುತ್ತಾರೆ. ನಾನು ದೇವರ ಗೋಧಿ, ಕ್ರಿಸ್ತರ ಶುದ್ಧ ರೊಟ್ಟಿಯಾಗುವಂತೆ ಮೃಗಗಳ ಹಲ್ಲುಗಳು ನನ್ನನ್ನು ಬೀಸಲಿ ಎಂಬ ಆ ಮಾತನ್ನು ಎಷ್ಟು ಸಲ ಓದಿದರೂ ಎದೆ ನಡುಗುತ್ತದೆ.

ಇಷ್ಟರಲ್ಲಿ ಪ್ಲಿನಿ ಮತ್ತೆ ಬರುತ್ತಾನೆ. ಕ್ರಿ.ಶ. 112ರ ಸುಮಾರಿಗೆ ಅವನು ಕಪ್ಪುಸಮುದ್ರದ ದಂಡೆಯ ಬಿಥಿನಿಯ-ಪೊಂಟಸ್ ಪ್ರಾಂತ್ಯದ ಅಧಿಪತಿ. ಕ್ರೈಸ್ತರೆಂದು ಹಿಡಿದು ತಂದವರನ್ನು ವಿಚಾರಿಸಿ ಚಕ್ರವರ್ತಿ ಟ್ರಾಜನನಿಗೆ ವರದಿ ಬರೆಯುತ್ತಾನೆ: ಇವರು ಗೊತ್ತಾದ ಒಂದು ದಿನ ಬೆಳಗಾಗುವ ಮುನ್ನ ಸೇರಿ, ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸಿ, ಕಳವು, ವ್ಯಭಿಚಾರ, ವಂಚನೆ ಮಾಡುವುದಿಲ್ಲವೆಂದು ಪ್ರಮಾಣ ಮಾಡಿ ಚದುರುತ್ತಿದ್ದರು, ಆಮೇಲೆ ಮತ್ತೆ ಕೂಡಿ ಊಟ ಮಾಡುತ್ತಿದ್ದರು, ಆದರೆ ಅದು ಸಾಮಾನ್ಯವಾದ, ನಿರಪಾಯದ ಊಟ. ನಿಜ ತಿಳಿಯಲೆಂದು ಸಭೆಯ ಸೇವಕಿಯರಾಗಿದ್ದ ಇಬ್ಬರು ಗುಲಾಮ ಹೆಣ್ಣುಮಕ್ಕಳಿಗೆ ಚಿತ್ರಹಿಂಸೆ ಕೊಡಿಸಿದೆ ಎಂದೂ ಅವನು ಬರೆದಿದ್ದಾನೆ. ಗುಲಾಮರಾಗಿದ್ದವರಿಗೆ ಬೇರೆ ದ್ರಾಕ್ಷಾರಸ ಬಡಿಸುವುದನ್ನು ಸಹಿಸದ ಮನುಷ್ಯನೇ ಇವನು. ಆ ಇಬ್ಬರ ಹೆಸರುಗಳನ್ನು ಅವನು ದಾಖಲಿಸಲಿಲ್ಲ. ಅವರು ಕೂತಿದ್ದ ಊಟದ ಸಾಲಿನಲ್ಲಿ ಅವರಿಗೆ ಸೇವಕಿಯರೆಂಬ ಗೌರವದ ಸ್ಥಾನವಿತ್ತು ಎಂಬುದನ್ನು ಮಾತ್ರ ಅವನ ವರದಿ ತನಗರಿಯದಂತೆ ಉಳಿಸಿಕೊಟ್ಟಿದೆ.

"ನಿರಪಾಯದ ಊಟ" ಎಂದು ಅವನು ಒತ್ತಿ ಹೇಳಬೇಕಾಗಿ ಬಂದದ್ದಕ್ಕೆ ಕಾರಣ ಊಹಿಸಬಹುದು. ಬಾಗಿಲು ಮುಚ್ಚಿಕೊಂಡು ಮಾಂಸ, ರಕ್ತ ಎಂದು ಮಾತಾಡುವ ಇವರು ಕೂಸುಗಳನ್ನು ಕೊಂದು ತಿನ್ನುತ್ತಾರೆಂಬ ಗುಲ್ಲು ಎರಡನೆಯ ಶತಮಾನದುದ್ದಕ್ಕೂ ಹಬ್ಬಿತ್ತು. 177ರಲ್ಲಿ ಈಗಿನ ಫ್ರಾನ್ಸಿನ ಲಿಯೋನ್ ನಗರದಲ್ಲಿ ಅದೇ ಆರೋಪದ ಮೇಲೆ ಕ್ರೈಸ್ತರನ್ನು ಹಿಂಸಿಸಿದರು. ಆ ಸಭೆಯವರು ಬರೆದ ಪತ್ರವನ್ನು ಇತಿಹಾಸಕಾರ ಯುಸೇಬಿಯಸ್ ಉಳಿಸಿಕೊಟ್ಟಿದ್ದಾರೆ. ಬಿಬ್ಲಿಸ್ ಎಂಬಾಕೆ ಮೊದಲು ಹೆದರಿ ವಿಶ್ವಾಸವನ್ನು ನಿರಾಕರಿಸಿದ್ದಳು. ತನ್ನ ಜನರ ಮೇಲೆ ಸುಳ್ಳು ಹೇಳಿಸಲೆಂದು ಮತ್ತೆ ಹಿಂಸಿಸಿದಾಗ ಆಕೆ ನಿದ್ದೆಯಿಂದ ಎಚ್ಚೆತ್ತವಳಂತೆ ಕೇಳಿದಳು: ಮೂಕಪ್ರಾಣಿಗಳ ರಕ್ತವನ್ನೂ ಮುಟ್ಟಬಾರದವರು ಮಕ್ಕಳನ್ನು ಹೇಗೆ ತಿಂದಾರು? ಆಮೇಲೆ ತಾನೂ ಕ್ರೈಸ್ತಳೆಂದು ಒಪ್ಪಿಕೊಂಡು ಹುತಾತ್ಮರ ಸಾಲಿಗೆ ಸೇರಿದಳು.

ಜಸ್ಟಿನ್ ಅವರ ಬರಹವನ್ನು ಈ ಗುಲ್ಲಿನ ಹಿನ್ನೆಲೆಯಲ್ಲಿ ಓದಬೇಕು. ಸಮಾರ್ಯದ ಫ್ಲಾವಿಯ ನೆಯಾಪೊಲಿಸ್‌ನಲ್ಲಿ, ಅಂದರೆ ಈಗಿನ ನಾಬ್ಲುಸ್‌ನಲ್ಲಿ ಹುಟ್ಟಿ, ತತ್ವಶಾಸ್ತ್ರಗಳನ್ನೆಲ್ಲ ಸುತ್ತಿ ಬಂದು ಕ್ರೈಸ್ತರಾದ ಅವರು, ಸುಮಾರು 155ರಲ್ಲಿ ಚಕ್ರವರ್ತಿ ಅಂಟೊನಿನಸ್ ಪಯಸ್‌ನಿಗೆ ಬರೆದ ಸಮರ್ಥನೆಯಲ್ಲಿ ಮುಚ್ಚಿದ ಬಾಗಿಲನ್ನು ತೆರೆದಿಟ್ಟರು. ಸೂರ್ಯನ ದಿನದಂದು ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ. ಪ್ರೇಷಿತರ ನೆನಪುಗಳನ್ನೋ ಪ್ರವಾದಿಗಳ ಬರಹಗಳನ್ನೋ ಸಮಯವಿದ್ದಷ್ಟು ಓದುತ್ತಾರೆ. ಮುಖ್ಯಸ್ಥರು ಬುದ್ಧಿಮಾತು ಹೇಳುತ್ತಾರೆ, ಎಲ್ಲರೂ ಎದ್ದು ಪ್ರಾರ್ಥಿಸುತ್ತಾರೆ. ರೊಟ್ಟಿಯನ್ನೂ ನೀರು ಬೆರೆಸಿದ ದ್ರಾಕ್ಷಾರಸವನ್ನೂ ತಂದಾಗ ಮುಖ್ಯಸ್ಥರು ತಮ್ಮ ಶಕ್ತಿಯಿದ್ದಷ್ಟು ಕೃತಜ್ಞತಾಸ್ತುತಿ ಸಲ್ಲಿಸುತ್ತಾರೆ. ಪ್ರಾರ್ಥನೆಯ ಪದಗಳು ಆಗಿನ್ನೂ ಗಟ್ಟಿಯಾಗಿರಲಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಜನರು "ಆಮೆನ್" ಎನ್ನುತ್ತಾರೆ; ಹೀಬ್ರೂ ಭಾಷೆಯಲ್ಲಿ ಅದಕ್ಕೆ ಹಾಗೆಯೇ ಆಗಲಿ ಎಂದರ್ಥವೆಂದು ಚಕ್ರವರ್ತಿಗೆ ಜಸ್ಟಿನ್ ಬಿಡಿಸಿ ಹೇಳುತ್ತಾರೆ. ಇದನ್ನು ನಾವು ಸಾಮಾನ್ಯ ರೊಟ್ಟಿ, ಸಾಮಾನ್ಯ ಪಾನೀಯವೆಂದು ತೆಗೆದುಕೊಳ್ಳುವುದಿಲ್ಲ, ದೇಹಧಾರಿಯಾದ ಯೇಸುವಿನ ಮಾಂಸ ಮತ್ತು ರಕ್ತವೆಂದು ನಮಗೆ ಕಲಿಸಲಾಗಿದೆ ಎನ್ನುತ್ತಾರೆ. ಈ ಮಾತಿನ ಹಿಂದೆಯೂ ಮುಂದೆಯೂ, ಎರಡು ಸಲ, ಬರಲಾಗದವರಿಗೆ ಪಾಲು ಕಳಿಸುವ ವಿಷಯ ಬರುತ್ತದೆ. ಅದರ ಬೆನ್ನಿಗೇ ಉಳ್ಳವರು ಮನಸ್ಸಿಗೆ ಬಂದಷ್ಟು ಕೊಡುವ ಕಾಣಿಕೆಯ ಸಂಗತಿ: ಅದು ಮುಖ್ಯಸ್ಥರ ಬಳಿ ಸೇರುತ್ತದೆ, ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿರುವವರಿಗೆ, ಊರಿಗೆ ಬಂದ ಪರಸ್ಥಳದವರಿಗೆ ಅದರಿಂದ ನೆರವು ಸಿಗುತ್ತದೆ. ರೊಟ್ಟಿ ಹೋಗುವ ದಾರಿಯಲ್ಲೇ ಹಣವೂ ಹೋಗುತ್ತಿತ್ತು. ಹತ್ತು ವರ್ಷಗಳ ನಂತರ, ಸುಮಾರು 165ರಲ್ಲಿ, ಜಸ್ಟಿನ್ ಅವರಿಗೆ ರೋಮ್‌ನಲ್ಲಿ ಮರಣದಂಡನೆಯಾಯಿತು.

ಲಿಯೋನ್‌ನ ಹಿಂಸೆಯ ನಂತರ ಅಲ್ಲಿನ ಧರ್ಮಾಧ್ಯಕ್ಷರಾದ ಇರೆನೇಯಸ್, ಹುಡುಗರಾಗಿದ್ದಾಗ ಸ್ಮಿರ್ನದ ಪೊಲಿಕಾರ್ಪ್ ಅವರನ್ನು ಕಂಡಿದ್ದವರು. ಆ ಪೊಲಿಕಾರ್ಪ್ ಅವರಿಗೇ ಇಗ್ನಾಸಿಯಸ್ ಪತ್ರ ಬರೆದಿದ್ದರು. ಸುಮಾರು 180ರಲ್ಲಿ ಇರೆನೇಯಸ್ ಎದುರಿಸಿದ್ದು, ಈ ಲೋಕವೂ ಮೈಯೂ ಕೀಳು, ರಕ್ಷಣೆ ಆತ್ಮಕ್ಕೆ ಮಾತ್ರ ಎನ್ನುವ ಗುಂಪುಗಳನ್ನು. ಅವರ ಉತ್ತರ ರೈತನ ಉತ್ತರದಂತಿದೆ. ಮಣ್ಣಿಗೆ ಬಿದ್ದ ಕಾಳು ಕೊಳೆತು, ಮೊಳೆತು, ನೂರಾಗಿ, ರೊಟ್ಟಿಯಾಗಿ, ದೇವರ ವಾಕ್ಯವನ್ನು ಪಡೆದು ಕ್ರಿಸ್ತರ ದೇಹವಾಗುವುದಾದರೆ, ಆ ರೊಟ್ಟಿಯಿಂದ ಪೋಷಣೆಗೊಂಡ ನಮ್ಮ ಮೈಗಳು ಮಣ್ಣಿಗೆ ಸೇರಿದರೂ ತಕ್ಕ ಕಾಲಕ್ಕೆ ಏಳುತ್ತವೆ. ಪ್ರಾರ್ಥನೆಯ ನಂತರ ಆ ರೊಟ್ಟಿಯಲ್ಲಿ ಭೂಮಿಯದೊಂದು, ಪರಲೋಕದ್ದೊಂದು, ಎರಡು ಅಂಶಗಳಿರುತ್ತವೆ ಎಂದು ಅವರು ಬರೆದರು. ಭೂಮಿಯ ಅಂಶ ಮಾಯವಾಗುತ್ತದೆಂದು ಅವರು ಹೇಳಲಿಲ್ಲ. ಹೇಳಿದ್ದರೆ ಅವರ ವಾದವೇ ಕುಸಿಯುತ್ತಿತ್ತು.

ಉತ್ತರ ಆಫ್ರಿಕದ ಕಾರ್ತೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ಒಂದೆಡೆ "ನನ್ನ ದೇಹದ ರೂಪ" ಎಂಬ ಅರ್ಥ ಬರುವ ಲ್ಯಾಟಿನ್ ಪದ ಬಳಸಿದ್ದಾರೆ. ಇದು ಕೇವಲ ಸಂಕೇತವೆಂದು ವಾದಿಸುವವರು ಆ ಪದವನ್ನೂ, ಅಲ್ಲವೆಂದು ವಾದಿಸುವವರು ಇಗ್ನಾಸಿಯಸ್ ಅವರ ಪದವನ್ನೂ ಹಿಡಿದು ಶತಮಾನಗಳಿಂದ ಎಳೆದಾಡುತ್ತಿದ್ದಾರೆ. ನನಗೆ ತೆರ್ತುಲಿಯನ್ ಅವರ ಬೇರೆ ಎರಡು ಮಾತುಗಳು ಹೆಚ್ಚು ಹೇಳುತ್ತವೆ. ರೊಟ್ಟಿಯಾಗಲಿ ರಸವಾಗಲಿ ನೆಲಕ್ಕೆ ಬಿದ್ದರೆ ನಮಗೆ ಸಂಕಟವಾಗುತ್ತದೆ ಎಂದು ಒಂದು ಕಡೆ ಬರೆಯುತ್ತಾರೆ. ಇನ್ನೊಂದು ಕಡೆ, ಅನ್ಯಮತದವನನ್ನು ಮದುವೆಯಾಗುವ ಕ್ರೈಸ್ತ ಹೆಣ್ಣುಮಗಳನ್ನು ಕೇಳುತ್ತಾರೆ: ಬೇರಾವ ಆಹಾರಕ್ಕೂ ಮುನ್ನ ನೀನು ಗುಟ್ಟಾಗಿ ಸವಿಯುವುದು ಏನೆಂದು ನಿನ್ನ ಗಂಡನಿಗೆ ತಿಳಿಯದೆ ಹೋದೀತೇ? ಅಂದರೆ ವಿಶ್ವಾಸಿಗಳು ಭಾನುವಾರದ ರೊಟ್ಟಿಯನ್ನು ಮನೆಗೆ ಒಯ್ದು, ವಾರದ ದಿನಗಳಲ್ಲಿ ಬೆಳಿಗ್ಗೆ ಚೂರು ಚೂರಾಗಿ ಸೇವಿಸುತ್ತಿದ್ದರು. ಮೂರನೆಯ ಶತಮಾನದ್ದೆಂದು ಎಣಿಸುವ, ಹಿಪ್ಪೊಲಿಟಸ್ ಹೆಸರಿನ ಒಂದು ಸಭಾನಿಯಮದಲ್ಲಿ ಈ ರೊಟ್ಟಿಯನ್ನು ಇಲಿ ತಿನ್ನದಂತೆ ನೋಡಿಕೊಳ್ಳಬೇಕೆಂಬ ಸೂಚನೆ ಇದೆ. ಇಲಿಗೆ ಹೆದರಿ ರೊಟ್ಟಿಯನ್ನು ಎತ್ತಿಡುವ ಗೃಹಿಣಿಯ ಎಚ್ಚರದಲ್ಲಿ, ಆ ಕಾಲದ ಜನ ಅದನ್ನು ಏನೆಂದು ನಂಬಿದ್ದರೆಂಬುದು ಪಂಡಿತರ ವಾದಗಳಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಕ್ರಿ.ಶ. 203ರಲ್ಲಿ ಕಾರ್ತೇಜಿನ ಸೆರೆಮನೆಯಲ್ಲಿದ್ದ, ಎಳೆಗೂಸಿನ ತಾಯಿ ಪೆರ್ಪೆತುವಾ ತನ್ನ ಕನಸನ್ನು ಬರೆದಿಟ್ಟಿದ್ದಾಳೆ. ಏಣಿ ಹತ್ತಿ ಹೋದಾಗ ತೋಟವೊಂದರಲ್ಲಿ ನರೆಗೂದಲಿನ ಕುರುಬನೊಬ್ಬ ಹಾಲು ಕರೆಯುತ್ತಾ ಕೂತಿದ್ದ. ಗಿಣ್ಣಿನಂಥ ಒಂದು ತುತ್ತನ್ನು ಕೊಟ್ಟ. ಅವಳು ಜೋಡಿಸಿದ ಕೈಗಳಲ್ಲಿ ಪಡೆದು ತಿಂದಾಗ ಸುತ್ತ ನಿಂತವರೆಲ್ಲ "ಆಮೆನ್" ಎಂದರು. ಆ ಸದ್ದಿಗೆ ಎಚ್ಚರವಾದಾಗ ಬಾಯಲ್ಲಿ ಇನ್ನೂ ಏನೋ ಸಿಹಿಯಿತ್ತು. ಮರಣದಂಡನೆಗೆ ಕಾದಿದ್ದ ಇಪ್ಪತ್ತೆರಡು ವರ್ಷದ ಹೆಣ್ಣುಮಗಳ ಕನಸಿನಲ್ಲೂ ಒಬ್ಬಳೇ ಉಣ್ಣುವ ಊಟ ಬರಲಿಲ್ಲ.

ಪೂರ್ವದ ಕಡೆಗೂ ಒಂದು ಮಾತು. ಈಗಿನ ತುರ್ಕಿಯಲ್ಲಿರುವ ಎದೆಸ್ಸಾ ಪ್ರದೇಶದ, ಸಿರಿಯಾಕ್ ಭಾಷೆಯ ಕ್ರೈಸ್ತರಿಂದ ಬಂದ, ಅದ್ದಾಯಿ ಮತ್ತು ಮಾರಿ ಎಂಬ ಹೆಸರಿನ ಪ್ರಾರ್ಥನೆ ಇಂದಿಗೂ ಬಳಕೆಯಲ್ಲಿರುವ ಅತಿ ಹಳೆಯ ಯೂಕರಿಸ್ಟ್ ಪ್ರಾರ್ಥನೆಗಳಲ್ಲೊಂದು. ಅದರ ಹಳೆಯ ಹಸ್ತಪ್ರತಿಗಳಲ್ಲಿ "ಇದು ನನ್ನ ದೇಹ" ಎಂಬ ಕಡೆಯ ಭೋಜನದ ನಿರೂಪಣೆ ಇಲ್ಲ. ಹಾಗಿದ್ದರೂ ಅದು ಸಿಂಧುವೆಂದು ಕಥೋಲಿಕ ಸಭೆಯ ಕೇಂದ್ರವಾದ ರೋಮ್ 2001ರಲ್ಲಿ ಒಪ್ಪಿಕೊಂಡಿತು. ಕೇರಳ ಮೂಲದ ಸಿರೋ-ಮಲಬಾರ್ ಸಭೆಯವರು ಆ ಮಾತುಗಳನ್ನು ಸೇರಿಸಿಕೊಂಡು ಇದೇ ಪ್ರಾರ್ಥನೆಯನ್ನು ಬಳಸುತ್ತಾರೆ. ಹೀಗಾಗಿ ಬೆಳ್ತಂಗಡಿಯ ರಬ್ಬರ್ ತೋಟಗಳ ನಡುವಿನ ದೇವಾಲಯಗಳಲ್ಲಿ ಭಾನುವಾರ ಕೇಳಿಸುವ ಸ್ತುತಿಯ ಬೇರು ಡಿಡಾಕೆಯ ಲೋಕಕ್ಕೆ ಬಹಳ ದೂರವಿಲ್ಲ.

ನಾಲ್ಕನೆಯ ಶತಮಾನದಲ್ಲಿ ಮನೆಗಳ ಬದಲು 'ಬಸಿಲಿಕ'ಗಳೆಂಬ ದೊಡ್ಡ ದೇವಾಲಯಗಳು ಬಂದವು, ಒಂಬತ್ತು ಜನರ ಊಟದ ಕೋಣೆ ಸಾವಿರ ಜನರ ಅಂಗಳವಾಯಿತು. ಜೆರುಸಲೇಮಿನ ಸಂತ ಸಿರಿಲ್ ಅವರ ಹೆಸರಿನಲ್ಲಿ ಉಳಿದಿರುವ ಪಾಠಗಳಲ್ಲಿ, ಹೊಸದಾಗಿ ಜ್ಞಾನಸ್ನಾನ ಪಡೆದವರಿಗೆ ಕೈಯೊಡ್ಡುವ ಬಗೆಯನ್ನು ಕಲಿಸಲಾಗಿದೆ: ರಾಜನನ್ನು ಬರಮಾಡಿಕೊಳ್ಳಲಿರುವ ಬಲಗೈಗೆ ಎಡಗೈಯನ್ನು ಸಿಂಹಾಸನವಾಗಿ ಹಿಡಿ, ಅಂಗೈಯನ್ನು ಬೋಗುಣಿ ಮಾಡಿಕೋ, ಆಮೆನ್ ಎನ್ನು. ಚಿನ್ನದ ಪುಡಿ ಕೊಟ್ಟರೆ ಒಂದು ಕಣವೂ ಬೀಳದಂತೆ ಹಿಡಿದುಕೊಳ್ಳುವುದಿಲ್ಲವೇ, ಹಾಗೆ ಹಿಡಿ. ತೀರ್ಥಕ್ಕೆ ಅಂಗೈ ಗುಳಿ ಮಾಡಿ ಒಡ್ಡುವುದನ್ನು ಕಂಡು ಬೆಳೆದ ನಾಡಿನವನಿಗೆ ಈ ಚಿತ್ರ ಅಪರಿಚಿತವಲ್ಲ. ಅದೇ ಕಾಲದಲ್ಲಿ ಮಿಲಾನಿನ ಸಂತ ಅಂಬ್ರೋಸ್, ಕ್ರಿಸ್ತರ ಮಾತಿನ ಶಕ್ತಿಯಿಂದ ರೊಟ್ಟಿ ಬದಲಾಗುತ್ತದೆಂದು ಸ್ಪಷ್ಟವಾಗಿ ಬೋಧಿಸುತ್ತಿದ್ದರು.

ಬೆಳ್ಳಿ ಬಂಗಾರದ ಪಾತ್ರೆಗಳು ಹೆಚ್ಚಿದಂತೆ ಪೌಲರ ಹಳೆಯ ಎಚ್ಚರಿಕೆ ಮತ್ತೆ ಕೇಳಿಸಿತು. ಅಂತಿಯೋಕ್ಯದಲ್ಲಿ ಸಂತ ಜಾನ್ ಕ್ರಿಸೊಸ್ತೊಮ್ ಸುಮಾರು 390ರಲ್ಲಿ ಜನರಿಗೆ ಹೇಳಿದರು: ಕ್ರಿಸ್ತರ ದೇಹವನ್ನು ಗೌರವಿಸಬೇಕೆಂದಿದ್ದೀಯಾ? ಹಾಗಾದರೆ ಅವರು ಬತ್ತಲಾಗಿರುವಾಗ ಕಡೆಗಣಿಸಬೇಡ. ಇಲ್ಲಿ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ನಡುಗುವ ಅವರನ್ನು ಬಿಡಬೇಡ. "ಇದು ನನ್ನ ದೇಹ" ಎಂದವರೇ "ನಾನು ಹಸಿದಿದ್ದಾಗ ನೀವು ಉಣಿಸಲಿಲ್ಲ" ಎಂದೂ ಹೇಳಿದರು. ಎರಡು ಮಾತುಗಳನ್ನೂ ಆಡಿದ್ದು ಒಂದೇ ಬಾಯಿ ಎಂಬ ಈ ತರ್ಕದ ಎದುರು ಯಾರೂ ತಪ್ಪಿಸಿಕೊಳ್ಳಲಾರರು.

ಈಗಿನ ಅಲ್ಜೀರಿಯದ ಕರಾವಳಿಯ ಹಿಪ್ಪೊ ನಗರದಲ್ಲಿ ಸಂತ ಅಗಸ್ಟಿನ್ ಹೊಸ ವಿಶ್ವಾಸಿಗಳಿಗೆ ಮಾಡಿದ ಒಂದು ಪುಟ್ಟ ಪ್ರಬೋಧನೆ, ನಾಲ್ಕು ಶತಮಾನಗಳ ಈ ಎಳೆಯನ್ನು ಗಂಟು ಹಾಕುತ್ತದೆ. ಕಣ್ಣಿಗೆ ಕಾಣುವುದು ರೊಟ್ಟಿ, ನಿಮ್ಮ ವಿಶ್ವಾಸ ಹೇಳುವುದು ಅದು ಕ್ರಿಸ್ತರ ದೇಹವೆಂದು. ಆ ದೇಹ ಏನೆಂದು ತಿಳಿಯಬೇಕಾದರೆ ಪೌಲರನ್ನು ಕೇಳಿ: ನೀವೇ ಕ್ರಿಸ್ತರ ದೇಹ. ಆದ್ದರಿಂದ ಬಲಿಪೀಠದ ಮೇಲೆ ಇಟ್ಟಿರುವುದು ನಿಮ್ಮದೇ ರಹಸ್ಯ, ನೀವು ಆಮೆನ್ ಎನ್ನುವುದು ನೀವು ಏನಾಗಿದ್ದೀರೋ ಅದಕ್ಕೆ. ಆ ಆಮೆನ್ ನಿಜವಾಗುವಂತೆ ಕ್ರಿಸ್ತರ ದೇಹದ ಅಂಗವಾಗಿರಿ. ನಿಮ್ಮನ್ನು ಬೀಸಿದರು, ಜ್ಞಾನಸ್ನಾನದ ನೀರಿನಲ್ಲಿ ನಾದಿದರು, ಪವಿತ್ರಾತ್ಮರ ಬೆಂಕಿಯಲ್ಲಿ ಸುಟ್ಟರು. ಕಾಣುತ್ತಿರುವುದೇ ಆಗಿ, ಆಗಿರುವುದನ್ನೇ ಸ್ವೀಕರಿಸಿ. ಬೆಟ್ಟದ ಮೇಲೆ ಚದುರಿದ ಡಿಡಾಕೆಯ ಕಾಳುಗಳು, ಇಗ್ನಾಸಿಯಸ್ ಅವರ ಗೋಧಿ, ಇರೆನೇಯಸ್ ಅವರ ಮೊಳಕೆ ಎಲ್ಲವೂ ಈ ಮಾತುಗಳಲ್ಲಿ ಒಂದೇ ಕಣಕವಾಗಿ ಕಲೆತಿವೆ.

ಮುಂದೆ ಈ ಕಣಕ ಒಡೆಯಿತು. ಒಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಕೊರ್ಬಿ ಮಠದ ಇಬ್ಬರು ಸನ್ಯಾಸಿಗಳು, ಪಸ್ಕಾಸಿಯಸ್ ಮತ್ತು ರತ್ರಾಮ್ನಸ್, ಬಲಿಪೀಠದ ಮೇಲಿನ ದೇಹಕ್ಕೂ ಮರಿಯಳಲ್ಲಿ ಜನಿಸಿದ ದೇಹಕ್ಕೂ ಇರುವ ಸಂಬಂಧದ ಮೇಲೆ ಗ್ರಂಥಗಳನ್ನು ಬರೆದರು. ಮೊದಲು ಪರಮಪ್ರಸಾದಕ್ಕೆ ಹೇಳುತ್ತಿದ್ದ "ರಹಸ್ಯಮಯ ದೇಹ" ಎಂಬ ಹೆಸರು ಹನ್ನೆರಡನೆಯ ಶತಮಾನದ ಹೊತ್ತಿಗೆ ಧರ್ಮಸಭೆಗೆ ಅಂಟಿಕೊಂಡಿತು. ರೊಟ್ಟಿಯೇ "ನಿಜವಾದ ದೇಹ"ವಾಯಿತು. 1529ರಲ್ಲಿ ಜರ್ಮನಿಯ ಮಾರ್ಬುರ್ಗಿನಲ್ಲಿ, ತಮ್ಮಂತೆಯೇ ಪ್ರೊಟೆಸ್ಟೆಂಟ್ ಸುಧಾರಕರಾಗಿದ್ದ ಜ್ವಿಂಗ್ಲಿಯವರೊಡನೆ ವಾದಕ್ಕೆ ಕೂತ ಲೂಥರ್ "ಇದು ನನ್ನ ದೇಹ" ಎಂಬ ಮಾತನ್ನು ಮೇಜಿನ ಮೇಲೆ ಸೀಮೆಸುಣ್ಣದಿಂದ ಬರೆದರು, ಮತ್ತು ಆ ಇಬ್ಬರು ಒಂದೇ ರೊಟ್ಟಿಯನ್ನು ಹಂಚಿಕೊಳ್ಳದೆಯೇ ಅಲ್ಲಿಂದ ಹೊರಟರು. ಆ ವಾದಗಳು ವ್ಯರ್ಥವೆಂದು ನಾನು ಹೇಳಲಾರೆ, ಇಂದಿನ ನನ್ನ ವಿಶ್ವಾಸವೂ ಅವುಗಳಿಂದ ರೂಪುಗೊಂಡದ್ದೇ. ಆದರೆ ಆ ಮೇಜಿನ ಚಿತ್ರ ಮನಸ್ಸಿಗೆ ಬಂದಾಗಲೆಲ್ಲ, ಒಬ್ಬರಿಗಾಗಿ ಒಬ್ಬರು ಕಾಯಿರಿ ಎಂಬ ಪೌಲರ ಮಾತೂ ಜೊತೆಗೇ ಬರುತ್ತದೆ.

ಮೊದಲ ಶುಕ್ರವಾರದ ಆ ಬೆಳಗುಗಳಲ್ಲಿ ನಾನು ಆಗ ಗಮನಿಸಿಯೂ ಅರ್ಥ ಮಾಡಿಕೊಳ್ಳದ ಒಂದು ಸಂಗತಿ ಇತ್ತು. ಪರಮಪ್ರಸಾದ ಸ್ವೀಕರಿಸಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿಕೊಂಡಿರುತ್ತಿದ್ದ ಅಜ್ಜಿ, ಕಣ್ಣು ತೆರೆದ ಕೂಡಲೇ ಗುರುಗಳನ್ನು ಕೇಳುತ್ತಿದ್ದದ್ದು ತನ್ನ ನೋವಿನ ಬಗ್ಗೆ ಅಲ್ಲ. ಹೋದ ಭಾನುವಾರ ಪೂಜೆಗೆ ಯಾರು ಯಾರು ಬಂದಿದ್ದರು ಸ್ವಾಮಿ, ಬಾವಿಯ ಹತ್ತಿರದ ಮನೆಯವರು ಬಂದಿದ್ದರೇ, ಮೂಲೆಮನೆಯ ಬಾಣಂತಿ ಕೂಸನ್ನು ಎತ್ತಿಕೊಂಡು ಬಂದಳೇ, ಬೆಂಗಳೂರಿಗೆ ಕೆಲಸಕ್ಕೆ ಹೋದ ಹುಡುಗರು ಊರಿಗೆ ಬಂದರೇ ಎಂದು ಮನೆ ಮನೆಯನ್ನೂ ಹೆಸರಿಸಿ ಕೇಳುತ್ತಿದ್ದರು. ಗುರುಗಳು ಸ್ಟೂಲಿನ ಪಕ್ಕದಲ್ಲಿ ಕೂತು, ಬಂದವರ ಹೆಸರನ್ನೂ ಬಾರದವರ ಹೆಸರನ್ನೂ ಒಂದೊಂದಾಗಿ ನೆನಪು ಮಾಡಿಕೊಂಡು ಹೇಳುತ್ತಿದ್ದರು. ಬಾರದವರ ಹೆಸರು ಬಂದಾಗ ಅಜ್ಜಿ ಅದನ್ನು ಮತ್ತೊಮ್ಮೆ ತಾವೇ ಹೇಳಿಕೊಳ್ಳುತ್ತಿದ್ದರು. ಮೇಣದಬತ್ತಿ ಆರಿಸಲು ಅಮ್ಮ ಅಲ್ಲಿಯವರೆಗೆ ಕಾಯುತ್ತಿದ್ದರು.